ಸುಮ್ಮನಿರುವ ಮಗುವಿನ ಪರವಾಗಿ

ಯಾವ ಶಾಲೆಯ ಸ್ಟಾಫ್ ರೂಮಿಗೆ ಹೋದರೂ ಎರಡು ಬಗೆಯ ಮಕ್ಕಳ ಹೆಸರು ಎಲ್ಲ ಶಿಕ್ಷಕರ ಬಾಯಲ್ಲೂ ಇರುತ್ತದೆ. ಒಂದು ಚೆನ್ನಾಗಿ ಓದುವ ಮಗು, ಇನ್ನೊಂದು ಗಲಾಟೆ ಮಾಡುವ ಮಗು. ಇವೆರಡರ ನಡುವೆ ಮೂರನೇ ಬೆಂಚಿನಲ್ಲೋ ನಾಲ್ಕನೆಯದರಲ್ಲೋ ಕೂತು, ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಂಡು, ಕೇಳಿದಾಗ ಮಾತ್ರ ಉತ್ತರ ಕೊಟ್ಟು, ಬೆಲ್ ಹೊಡೆದಾಗ ಮನೆಗೆ ಹೋಗುವ ಇಪ್ಪತ್ತು ಮೂವತ್ತು ಮಕ್ಕಳಿರುತ್ತಾರೆ. ಅವರ ಮೇಲೆ ದೂರಿಲ್ಲ, ಅವರ ಬಗ್ಗೆ ಹೊಗಳಿಕೆಯೂ ಇಲ್ಲ. ತರಗತಿಯಲ್ಲಿ ದಿನವೂ ಗಲಾಟೆ ನಡೆಯುತ್ತಿದ್ದರೆ ಹೆಚ್ಚು ಕಳೆದುಕೊಳ್ಳುವವರು ಇವರೇ. ಚೆನ್ನಾಗಿ ಓದುವ ಮಗು ಟ್ಯೂಷನ್ನಿನಲ್ಲೋ ಮನೆಯಲ್ಲೋ ಕಳೆದದ್ದನ್ನು ತುಂಬಿಕೊಳ್ಳುತ್ತದೆ. ಗಲಾಟೆ ಮಾಡುವ ಮಗುವಿಗೆ ಬೈಗುಳದ ರೂಪದಲ್ಲಾದರೂ ಟೀಚರ ಗಮನ ಸಿಗುತ್ತದೆ. ನಡುವಿನ ಮಗುವಿಗೆ ಪಾಠವೂ ಇಲ್ಲ, ಗಮನವೂ ಇಲ್ಲ.

ನಲವತ್ತು ನಿಮಿಷದ ಒಂದು ಗಣಿತದ ಪೀರಿಯಡ್ ತೆಗೆದುಕೊಳ್ಳಿ. ಟೀಚರು ಭಾಗಾಕಾರ ಹೇಳಿಕೊಡುತ್ತಿದ್ದಾರೆ. ಎರಡನೇ ಹಂತ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಚಪ್ಪಲಿ ಹಾರಿ ಬರುತ್ತದೆ. ಪಾಠ ನಿಲ್ಲುತ್ತದೆ, ವಿಚಾರಣೆ ನಡೆಯುತ್ತದೆ, ಯಾರೋ ಅಳುತ್ತಾರೆ. ಮತ್ತೆ ಶುರು ಮಾಡುವಾಗ ಟೀಚರಿಗೆ ಎಲ್ಲಿ ಬಿಟ್ಟದ್ದೆಂದು ಗೊತ್ತಿರುತ್ತದೆ. ಆದರೆ ಎಂಟು ವರ್ಷದ ಮಗುವಿನ ತಲೆಯಲ್ಲಿ ಎಳೆ ಆಗಲೇ ತುಂಡಾಗಿದೆ. ಹೀಗೆ ಒಂದೇ ಪೀರಿಯಡ್‌ನಲ್ಲಿ ಐದಾರು ಸಲವಾದರೆ ಭಾಗಾಕಾರ ಅರ್ಥವಾಗಲಿಲ್ಲ ಎಂದು ಮಗು ಹೇಳುವುದಿಲ್ಲ. ತನಗೆ ಗಣಿತವೇ ಬರುವುದಿಲ್ಲ ಎಂದುಕೊಳ್ಳುತ್ತದೆ. ನಷ್ಟ ಅಷ್ಟು ದೊಡ್ಡದು.

ಮನೆಗೆ ಬಂದು 'ಅಮ್ಮಾ, ನಮ್ಮ ಕ್ಲಾಸಿನಲ್ಲಿ ಶಿಸ್ತಿಲ್ಲ' ಎಂದು ಯಾವ ಮಗುವೂ ಹೇಳದು. ಹೇಳುವುದೆಲ್ಲ ಬೇರೆಯೇ. ಭಾನುವಾರ ಸಂಜೆ ಹೊಟ್ಟೆನೋವು ಬರುತ್ತದೆ. ಊಟದ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತದೆ. ವಾರಕ್ಕೆರಡು ರಬ್ಬರು, ಮೂರು ಪೆನ್ಸಿಲು 'ಕಳೆದುಹೋಗುತ್ತವೆ'. ನೋಟ್ಸ್ ಯಾಕೆ ಅರ್ಧ ಬರೆದಿದ್ದೀಯಾ ಎಂದರೆ 'ಬೋರ್ಡ್ ಅಳಿಸಿಬಿಟ್ರು' ಎನ್ನುತ್ತದೆ. ಶಾಲೆಯ ಶೌಚಾಲಯಕ್ಕೆ ಹೋಗದೆ ಸಂಜೆಯವರೆಗೆ ತಡೆದುಕೊಂಡಿದ್ದು, ಮನೆಯ ಬಾಗಿಲು ಕಂಡ ಕೂಡಲೇ ಓಡುವ ಮಕ್ಕಳಿದ್ದಾರೆ; ಅಲ್ಲಿಗೆ ಹೋಗುವ ದಾರಿಯಲ್ಲಿ ಯಾರು ನಿಂತಿರುತ್ತಾರೆ ಎಂದು ವಿಚಾರಿಸಬೇಕಾದ ಸಂಗತಿಯಿದು. ಇವು ಒಂದೊಂದೇ ಕಂಡಾಗ ಏನೂ ಅನ್ನಿಸುವುದಿಲ್ಲ. ಒಟ್ಟಿಗೆ ಎರಡು ಮೂರು ವಾರ ಮುಂದುವರಿದರೆ ಶಾಲೆಯ ಕಡೆ ನೋಡಬೇಕು.

ಹಾಗೆ ನೋಡುವ ಮೊದಲು ಯಾವುದು ಗಲಾಟೆ, ಯಾವುದಲ್ಲ ಎಂಬುದು ನಮಗೆ ಸ್ಪಷ್ಟವಿರಬೇಕು. ಸದ್ದಿದ್ದ ಮಾತ್ರಕ್ಕೆ ತರಗತಿ ಕೆಟ್ಟಿದೆ ಎಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ತರಗತಿಗೆ ಹೋಗಿ ನೋಡಿ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಒಬ್ಬರಿಗೊಬ್ಬರು ಹೇಳಿಕೊಡುತ್ತ ಇರುತ್ತಾರೆ. ಅಲ್ಲಿನ ಗದ್ದಲ ಕಲಿಕೆಯ ಗದ್ದಲ. ಸ್ನೇಹಿತರು ಒಂದು ದಿನ ಜಗಳವಾಡಿ ಮರುದಿನ ಒಂದೇ ಡಬ್ಬಿಯಲ್ಲಿ ತಿನ್ನುವುದೂ ಸಹಜವೇ. ಒಂದೇ ಮಗುವಿನಿಂದಲೋ ಒಂದು ಗುಂಪಿನಿಂದಲೋ ದಿನದಿನವೂ ಪಾಠ ನಿಲ್ಲುವುದು ಬೇರೆ. ನಿಮ್ಮ ಮಗುವನ್ನೇ ಗುರಿ ಮಾಡಿ ಕಾಡುವುದು ಇನ್ನೂ ಬೇರೆ. ಗಾಯವಾಗಿದ್ದರೆ, ಮೈ ಮುಟ್ಟುವಂಥದ್ದು ನಡೆದಿದ್ದರೆ ಅದನ್ನು ಗಲಾಟೆ ಎಂಬ ಹೆಸರಿನಲ್ಲಿ ಮುಚ್ಚಲು ಬಿಡಬಾರದು. ಲೈಂಗಿಕ ಸ್ವರೂಪದ ಘಟನೆಯಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098 ಇರುವುದೇ ಅದಕ್ಕೆ. ಈ ಲೇಖನ ದಿನನಿತ್ಯ ಪಾಠ ಕದಿಯುವ, ಮಗುವಿನ ನೆಮ್ಮದಿ ಕೆಡಿಸುವ ಗಲಾಟೆಯ ಬಗ್ಗೆ.

ನಮ್ಮ ತರಗತಿಗಳಲ್ಲಿ ಬಹಳ ಕಾಲದಿಂದ ನಡೆದು ಬಂದ ಒಂದು ಪದ್ಧತಿ ಇದೆ. ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಅತಿ ಗಲಾಟೆ ಮಾಡುವ ಹುಡುಗನನ್ನು ಅತಿ ಸುಮ್ಮನಿರುವ ಹುಡುಗಿಯ ಪಕ್ಕ ಕೂರಿಸುವುದು. 'ನೀನು ಜಾಣೆ ಅಲ್ವಾ, ಅವನನ್ನು ಸ್ವಲ್ಪ ನೋಡ್ಕೋ' ಎಂದು ಟೀಚರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಮಾತು ಕೇಳಿದಾಗ ಮಗುವಿಗೆ ಹೆಮ್ಮೆಯೂ ಆಗುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಅವಳ ಕೆಲಸ ಏನೇನು ನೋಡಿ: ಅವನ ಪುಸ್ತಕ ತೆರೆಸಬೇಕು, ಅವನು ಎಲ್ಲಿ ಬರೆಯುತ್ತಿದ್ದಾನೆ ಎಂದು ಕಣ್ಣಿಡಬೇಕು, ಅವನು ಎದ್ದು ಓಡಿದರೆ ಟೀಚರಿಗೆ ಹೇಳಬೇಕು, ಹೇಳಿದ್ದಕ್ಕೆ ಇಂಟರ್ವಲ್‌ನಲ್ಲಿ ಅವನಿಂದ ಬೈಸಿಕೊಳ್ಳಬೇಕು. ಅವಳ ಕಲಿಕೆಯ ಹೊತ್ತು ಅವನ ಕಾವಲಿಗೆ ಖರ್ಚಾಯಿತು. ಸಂಬಳ ತೆಗೆದುಕೊಳ್ಳುವ ದೊಡ್ಡವರಿಗೇ ಕಷ್ಟವಾದ ಕೆಲಸವನ್ನು ಒಂಬತ್ತು ವರ್ಷದ ಹುಡುಗಿಯ ಹೆಗಲಿಗೆ ಹೊರಿಸುವುದು ಅನ್ಯಾಯ. ಅದರಲ್ಲೂ ಗಂಡುಮಕ್ಕಳ ಗಲಾಟೆಯನ್ನು ಸಹಿಸಿಕೊಂಡು ತಿದ್ದುವುದು ಹೆಣ್ಣುಮಕ್ಕಳ ಜವಾಬ್ದಾರಿ ಎಂಬ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲದಿದ್ದರೂ ಆ ಬೆಂಚಿನ ಮೇಲೆ ದಿನವೂ ನಡೆಯುತ್ತದೆ.

ಕ್ಲಾಸ್ ಲೀಡರ್ ಕತೆಯೂ ಇಂಥದ್ದೇ. ಟೀಚರು ಹೊರಗೆ ಹೋದಾಗ ಬೋರ್ಡಿನ ಮೂಲೆಯಲ್ಲಿ 'ಮಾತನಾಡಿದವರು' ಎಂದು ಗೆರೆ ಎಳೆದು ಹೆಸರು ಬರೆಯುವ ಕೆಲಸ ಅವನದು. ಬರೆದರೆ ಸ್ನೇಹಿತರು ದೂರವಾಗುತ್ತಾರೆ, ಬರೆಯದಿದ್ದರೆ ಟೀಚರ ಬೈಗುಳ. ಇನ್ನು ಇಬ್ಬರು ಮಾಡಿದ ತಪ್ಪಿಗೆ ಇಡೀ ತರಗತಿಯ ಆಟದ ಪೀರಿಯಡ್ ಕಿತ್ತುಕೊಳ್ಳುವ ಶಿಕ್ಷೆ. ವಾರಕ್ಕೆರಡು ಸಲ ಸಿಗುವ ಆಟಕ್ಕಾಗಿ ಕಾದು ಕೂತ ಮಗು ಅಂದು ಕಲಿಯುವುದು ಒಂದನ್ನೇ: ಸರಿಯಾಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ತಂದೆತಾಯಿ ಈ ಸಂಗತಿಗಳನ್ನು ಕೇಳಿದ ಕೂಡಲೇ ಸಿಟ್ಟಿನಿಂದ ಹೇಳುವ ಮಾತು, 'ಅವನಿಗೆ ಟೀಸಿ ಕೊಟ್ಟು ಕಳಿಸಿ.' ಅದು ಸಿಗದಿದ್ದರೆ, 'ನಾಲ್ಕು ಬಾರಿಸಿ ಸುಮ್ಮನೆ ಕೂರಿಸಿ.' ಎರಡನ್ನೂ ಕೇಳುವ ಹಕ್ಕು ನಮಗಿಲ್ಲ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಐದು ಮತ್ತು ಎಂಟನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟ 2019ರ ತಿದ್ದುಪಡಿ ಕೂಡ ಈ ರಕ್ಷಣೆಯನ್ನು ಮುಟ್ಟಲಿಲ್ಲ. 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದು ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ ಒಂದೇ.

ಕಾನೂನು ಇಷ್ಟಕ್ಕೇ ನಿಂತಿದ್ದರೆ ಅದು ಗಲಾಟೆ ಮಾಡುವ ಮಗುವಿನ ಪರವಾಗಿ ಮಾತ್ರ ಇದೆ ಎಂದು ಬೇಸರ ಪಡಬಹುದಿತ್ತು. ಅದೇ ಕಾಯ್ದೆಯ 29ನೇ ಕಲಂ ಓದಿ. ಪಠ್ಯಕ್ರಮ ರೂಪಿಸುವವರು ಗಮನದಲ್ಲಿಡಬೇಕಾದ ಅಂಶಗಳಲ್ಲಿ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಸುವುದೂ, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗುವುದೂ ಸೇರಿವೆ. 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತ, ಪೋಷಕರನ್ನು ನಿಯಮಿತವಾಗಿ ಭೇಟಿಯಾಗಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿಯ ಬಗ್ಗೆ ತಿಳಿಸಬೇಕು ಎನ್ನುತ್ತದೆ. ಹೆದರಿಕೆಯಿಲ್ಲದೆ ಕೂತು ಕಲಿಯುವುದು ನಿಮ್ಮ ಮಗುವಿಗೆ ಶಾಲೆ ಮಾಡುವ ಉಪಕಾರವಲ್ಲ. ಅದನ್ನು ಕೇಳಲು ಹೋದ ಪೋಷಕರು ತಲೆ ತಗ್ಗಿಸಿ ನಿಲ್ಲಬೇಕಿಲ್ಲ, ಜಗಳಕ್ಕೂ ನಿಲ್ಲಬೇಕಿಲ್ಲ.

ಇಲ್ಲಿ ಅಮೆರಿಕದ ಒಂದು ಅಧ್ಯಯನವನ್ನು ಹೇಳಲೇಬೇಕು. ಸ್ಕಾಟ್ ಕ್ಯಾರೆಲ್ ಮತ್ತು ಮಾರ್ಕ್ ಹೋಕ್‌ಸ್ಟ್ರಾ ಎಂಬ ಅರ್ಥಶಾಸ್ತ್ರಜ್ಞರು ಫ್ಲಾರಿಡಾ ರಾಜ್ಯದ ಅಲಾಚುವಾ ಕೌಂಟಿಯ ಶಾಲಾ ದಾಖಲೆಗಳನ್ನೂ ಅಲ್ಲಿನ ನ್ಯಾಯಾಲಯದಲ್ಲಿ ದಾಖಲಾದ ಕೌಟುಂಬಿಕ ಹಿಂಸೆಯ ಅರ್ಜಿಗಳನ್ನೂ ಜೋಡಿಸಿ ನೋಡಿದರು. ಮನೆಯಲ್ಲಿ ಹೊಡೆದಾಟ ನೋಡಿ ಬೆಳೆಯುತ್ತಿರುವ ಮಗು ತರಗತಿಯಲ್ಲಿದ್ದರೆ ಉಳಿದ ಮಕ್ಕಳ ಅಂಕಗಳು ಇಳಿಯುತ್ತವೆ, ಅವರ ಅಶಿಸ್ತೂ ಹೆಚ್ಚುತ್ತದೆ ಎಂದು 2010ರಲ್ಲಿ ಪ್ರಕಟಿಸಿದರು. ಎಲಿರಾ ಕುಕಾ ಅವರೊಂದಿಗೆ 2018ರಲ್ಲಿ ಪ್ರಕಟಿಸಿದ ಮುಂದಿನ ಅಧ್ಯಯನ ಆ ಮಕ್ಕಳು ದೊಡ್ಡವರಾದ ಮೇಲೂ ಬೆನ್ನುಹತ್ತಿ ಹೋಯಿತು. 25 ಮಕ್ಕಳ ಪ್ರಾಥಮಿಕ ತರಗತಿಯಲ್ಲಿ ಅಂಥ ಒಬ್ಬ ಸಹಪಾಠಿಯ ಜೊತೆ ಓದಿದವರ ಗಳಿಕೆ 24ರಿಂದ 28ರ ವಯಸ್ಸಿನಲ್ಲಿ ಶೇ 3ರಷ್ಟು ಕಡಿಮೆಯಿತ್ತು. 'ಮಕ್ಕಳ ಗಲಾಟೆ ತಾನೇ, ದೊಡ್ಡವರಾದ ಮೇಲೆ ಸರಿಹೋಗುತ್ತದೆ' ಎನ್ನುವ ಮುಖ್ಯೋಪಾಧ್ಯಾಯರ ಮುಂದೆ ಇಡಬೇಕಾದ ಅಂಕಿಯಿದು.

ಇವೆರಡರ ನಡುವೆ, 2012ರಲ್ಲಿ, ಮೊದಲಿನ ಇಬ್ಬರೇ ಪ್ರಕಟಿಸಿದ ಮತ್ತೊಂದು ಲೇಖನವಿದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಮನೆಯ ಹಿಂಸೆ ನ್ಯಾಯಾಲಯಕ್ಕೆ ಬಂದು ದಾಖಲಾದ ಮೇಲೆ ಏನಾಯಿತು ಎಂದು ಅವರು ನೋಡಿದರು. ತಾಯಿ ಅರ್ಜಿ ಹಾಕುವ ಮೊದಲು ಆ ಮಗುವಿನಿಂದ ಸಹಪಾಠಿಗಳಿಗೆ ಆಗುತ್ತಿದ್ದ ಹಾನಿ, ಅರ್ಜಿ ಹಾಕಿದ ಮೇಲೆ ಬಹುಮಟ್ಟಿಗೆ ಕಾಣಿಸಲಿಲ್ಲ. ಅದೇ ಹುಡುಗ, ಅದೇ ತರಗತಿ. ಅವನ ಮನೆಯ ಸಂಕಟ ಯಾರದೋ ಕಣ್ಣಿಗೆ ಬಿತ್ತು, ಅಷ್ಟೇ ವ್ಯತ್ಯಾಸ. ಅಲ್ಲಿನ ಅಂಕಿಗಳನ್ನು ಹಾಗೆಯೇ ತಂದು ಹಾವೇರಿಗೋ ಹಾಸನಕ್ಕೋ ಅಂಟಿಸಲಾಗದು. ಆದರೆ ಕುಡಿದು ಬಂದು ಹೊಡೆಯುವ ಅಪ್ಪ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬೆಳಿಗ್ಗೆ ಶಾಲೆಗೆ ಬರುವ ಮಗ ನಮ್ಮ ಊರುಗಳಲ್ಲೂ ಇದ್ದಾರೆ ಎಂದು ಹೇಳಲು ಅಧ್ಯಯನ ಬೇಕಿಲ್ಲ. ನಿಮ್ಮ ಮಗುವಿಗೆ ನೆಮ್ಮದಿ ಬೇಕೆಂದರೆ ಆ ಹುಡುಗನ ತೊಂದರೆ ಏನೆಂದು ಶಾಲೆ ವಿಚಾರಿಸಬೇಕು. ಅವನನ್ನು ಹೊರಗೆ ದಬ್ಬುವುದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಆಗುತ್ತದೆ.

ತೊಂದರೆ ಮನೆಯದ್ದೇ ಆಗಿರಬೇಕೆಂದೂ ಇಲ್ಲ. ಬೋರ್ಡ್ ಕಾಣದ ಮಗು, ಕಿವಿ ಸರಿಯಾಗಿ ಕೇಳದ ಮಗು, ಅಕ್ಷರಗಳು ಕಣ್ಣೆದುರು ಗೋಜಲಾಗುವ ಮಗು, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇರುವ ಮಗು, ಇವರೆಲ್ಲ ಮೊದಲು 'ತುಂಟ' ಎಂಬ ಹಣೆಪಟ್ಟಿಯನ್ನೇ ಪಡೆಯುತ್ತಾರೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ; 2013ರಲ್ಲಿ ಶುರುವಾದ ಈ ಯೋಜನೆಯ ತಪಾಸಣಾ ಪಟ್ಟಿಯಲ್ಲಿ ದೃಷ್ಟಿ, ಶ್ರವಣ, ಕಲಿಕೆಯ ತೊಂದರೆಗಳ ಜೊತೆಗೆ ಗಮನದ ತೊಂದರೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ದೂರದ ಊರಿನವರು ಮೊದಲ ಸಲಹೆಗಾಗಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಆದರೆ ಬೇರೆಯವರ ಮಗುವಿಗೆ ಇಂಥ ಕಾಯಿಲೆ ಇದೆ ಎಂದು ನೀವೇ ತೀರ್ಪು ಕೊಡುವುದು ಸಲ್ಲದು. 'ಆ ಮಗುವಿಗೂ ಏನಾದರೂ ಸಹಾಯ ಬೇಕಿರಬಹುದೇ ನೋಡಿ ಮೇಡಂ' ಎಂದರೆ ಸಾಕು, ಮುಂದಿನದು ಶಾಲೆಯ ಕೆಲಸ.

ಖಾಸಗಿ ಶಾಲೆಗಳ ಪೋಷಕರ ನಡುವೆ ಕೇಳಿಬರುವ ಇನ್ನೊಂದು ಮಾತು ನನಗೆ ಬಹಳ ನೋವು ಕೊಡುತ್ತದೆ: 'ಆರ್‌ಟಿಇ ಮಕ್ಕಳು ಬಂದ ಮೇಲೆ ಕ್ಲಾಸ್ ಹಾಳಾಯಿತು.' ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟಿನಲ್ಲಿ ಬಂದ ಮಗು ಯಾರೆಂದು ತರಗತಿಯಲ್ಲಿ ಯಾರಿಗೂ ಗೊತ್ತಾಗಬಾರದಿತ್ತು. ಗೊತ್ತಾಗಿದೆ ಎಂದರೆ ತಪ್ಪು ದೊಡ್ಡವರದು. ದುಬಾರಿ ಕಾರಿನಿಂದ ಇಳಿದು ಬರುವ ಮಗುವೂ ಪಕ್ಕದವರ ಡಬ್ಬಿ ಕಸಿಯುತ್ತದೆ. ಅಂಥದ್ದನ್ನು 'ಹೈಪರ್' ಎಂದು ಮೃದುವಾಗಿ ಕರೆದು, ಆಟೋ ಓಡಿಸುವವರ ಮಗನನ್ನು 'ಸಂಸ್ಕಾರವಿಲ್ಲದವನು' ಎನ್ನುವುದು ಮಕ್ಕಳ ಪರವಾದ ಮಾತೇ ಅಲ್ಲ. ನಿಮ್ಮ ದೂರಿನಲ್ಲಿ ಜಾತಿ, ಹಣ, ಮನೆಮಾತು, ಮನೆತನದ ವಾಸನೆ ಬಂದ ಕ್ಷಣವೇ ನಿಮ್ಮ ಮಗುವಿನ ನ್ಯಾಯವಾದ ಅಹವಾಲು ದುರ್ಬಲವಾಗುತ್ತದೆ.

ಹಾಗಾದರೆ ಶಾಲೆಗೆ ಹೋಗಿ ಹೇಳುವುದು ಹೇಗೆ? ಮೊದಲು ಮಗುವಿನ ಒಪ್ಪಿಗೆ ಬೇಕು. 'ನಾನು ಬಂದು ಮಿಸ್ ಹತ್ತಿರ ಮಾತಾಡಲಾ?' ಎಂದರೆ ಬಹಳಷ್ಟು ಮಕ್ಕಳು ಬೇಡ ಎನ್ನುತ್ತಾರೆ. ತನ್ನ ಹೆಸರು ಹೇಳಿ ಎಲ್ಲರೆದುರು ಬೈದುಬಿಡುತ್ತಾರೆ ಎಂಬ ಹೆದರಿಕೆ. ಎಲ್ಲರೆದುರು ಹೇಳುವುದಿಲ್ಲ, ಟೀಚರ ಹತ್ತಿರ ಮಾತ್ರ ಹೇಳುತ್ತೇನೆ ಎಂದು ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಳ್ಳಬೇಕು. ಗೇಟಿನ ಹತ್ತಿರ, ಬಸ್ಸು ಹೊರಡುವ ಗದ್ದಲದಲ್ಲಿ ಟೀಚರನ್ನು ತಡೆದು ನಿಲ್ಲಿಸಿದರೆ ಯಾವ ಮಾತೂ ನಿಲ್ಲದು. ಪೋಷಕರ ಸಭೆಯ ದಿನ, ಹಿಂದೆ ಹತ್ತು ಜನ ಸಾಲಿನಲ್ಲಿರುವಾಗಲೂ ಬೇಡ. ಡೈರಿಯಲ್ಲಿ ಎರಡು ಸಾಲು ಬರೆದು ಸಮಯ ಕೇಳಿ. ಕೂಲಿ ಬಿಟ್ಟು ಬರಲಾಗದವರು, ಗಾರ್ಮೆಂಟ್ಸ್‌ನಲ್ಲಿ ರಜೆ ಸಿಗದವರು ಫೋನಿನಲ್ಲಿ ಮಾತನಾಡಲು ಸಮಯ ಕೇಳಬಹುದು. ಓದು ಬರಹ ಅಷ್ಟಾಗಿ ಇಲ್ಲದ ತಾಯಂದಿರು ಶಾಲಾ ಅಭಿವೃದ್ಧಿ ಸಮಿತಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಅಮ್ಮನೇ ಹೋಗಬೇಕೆಂಬ ನಿಯಮವೂ ಇಲ್ಲ, ಅಪ್ಪ ಹೋಗಲಿ.

ಹೋಗುವ ಮೊದಲು ಎರಡು ವಾರ ಬರೆದಿಟ್ಟುಕೊಳ್ಳಿ: ತಾರೀಖು, ಯಾವ ಪೀರಿಯಡ್, ಏನಾಯಿತು, ಆಗ ಯಾರಿದ್ದರು. 'ಯಾವಾಗಲೂ ಹಿಂಸೆ ಕೊಡ್ತಾನೆ' ಎಂಬ ಮಾತಿಗೆ 'ಮಕ್ಕಳು ಹಾಗೇ ಅಮ್ಮಾ' ಎಂಬ ಉತ್ತರ ಸಿದ್ಧವಿರುತ್ತದೆ. ತಾರೀಖಿಗೆ ಹಾಗೆ ಉತ್ತರಿಸಲಾಗದು. ಮಾತುಕತೆಯಾದ ಮೇಲೆ ಅಥವಾ ಅದಕ್ಕೆ ಮುಂಚೆಯೇ ಒಂದು ಪತ್ರ ಕೊಡಿ. ಹೀಗಿರಬಹುದು:

'ಮಾನ್ಯರೇ, ನನ್ನ ಮಗಳು ನಾಲ್ಕನೇ ತರಗತಿ ಬಿ ವಿಭಾಗದಲ್ಲಿ ಓದುತ್ತಿದ್ದಾಳೆ. ಮೂರು ವಾರಗಳಿಂದ ಗಣಿತದ ನೋಟ್ಸ್ ಪೂರ್ತಿಯಾಗುತ್ತಿಲ್ಲ. ಪಕ್ಕದಲ್ಲಿ ಕೂರುವ ವಿದ್ಯಾರ್ಥಿ ಪುಸ್ತಕ ಎಳೆಯುವುದು, ಪೆನ್ಸಿಲ್ ಕಸಿಯುವುದು ನಡೆಯುತ್ತಿದೆ ಎಂದು ಹೇಳುತ್ತಾಳೆ. 3, 8 ಮತ್ತು 12ನೇ ತಾರೀಖು ಹೀಗಾಗಿದೆ. 12ರಂದು ಪೆನ್ಸಿಲ್ ತಾಗಿ ಅಂಗೈಗೆ ಗಾಯವಾಗಿತ್ತು. ಅವಳಿಗೆ ಬೇರೆ ಜಾಗ ಕೊಡಬೇಕೆಂದೂ, ತಪ್ಪಿಹೋದ ಪಾಠವನ್ನು ಬರೆದುಕೊಳ್ಳಲು ಅವಕಾಶ ಮಾಡಿಕೊಡಬೇಕೆಂದೂ ಕೋರುತ್ತೇನೆ. ಪಕ್ಕದ ವಿದ್ಯಾರ್ಥಿಗೂ ಸಹಾಯ ಬೇಕಿದ್ದರೆ ಅದನ್ನು ತಾವು ಗಮನಿಸುವಿರೆಂದು ನಂಬಿದ್ದೇನೆ. ಮಾತನಾಡಲು ತಮಗೆ ಅನುಕೂಲವಾದ ದಿನ ತಿಳಿಸಿದರೆ ಬರುತ್ತೇನೆ.'

ಈ ಪತ್ರದಲ್ಲಿ ಇನ್ನೊಂದು ಮಗುವಿನ ಹೆಸರಿಲ್ಲ, ಅವನ ಸ್ವಭಾವದ ಬಗ್ಗೆ ಒಂದು ವಿಶೇಷಣವೂ ಇಲ್ಲ. ಯಾರೆಂದು ಟೀಚರಿಗೆ ಗೊತ್ತೇ ಇದೆ. ಕೇಳಿದ್ದೆಲ್ಲ ತನ್ನ ಮಗುವಿಗೆ ಏನು ಬೇಕು ಎಂಬುದನ್ನು. ಹೀಗೆ ಕೇಳಿದಾಗ ಇಲ್ಲ ಎನ್ನುವುದು ಶಾಲೆಗೆ ಕಷ್ಟ. ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಇದನ್ನು ಬರೆಯಬೇಡಿ. ಅಲ್ಲಿ ಬಿದ್ದ ಒಂದು ಹೆಸರು ಸಂಜೆಯೊಳಗೆ ಐವತ್ತು ಮನೆ ಮುಟ್ಟುತ್ತದೆ. ಆ ಹುಡುಗನ ತಾಯಿಯೂ ಅದೇ ಗುಂಪಿನಲ್ಲಿರುತ್ತಾರೆ.

ಟೀಚರ ಹತ್ತಿರ ಏನು ಕೇಳಬಹುದು ಎಂಬುದನ್ನೂ ಯೋಚಿಸಿ ಹೋಗಬೇಕು. ಜಾಗ ಬದಲಿಸುವುದು ಸುಲಭದ್ದು. ಆದರೆ ಶಿಕ್ಷೆಯಂತೆ ನಿಮ್ಮ ಮಗುವನ್ನೇ ಗೆಳತಿಯರಿಂದ ದೂರ ಕೂರಿಸಿದರೆ ಅದು ನ್ಯಾಯವಾಗದು. ಗಲಾಟೆ ಹೆಚ್ಚಾಗುವ ಹೊತ್ತುಗಳನ್ನು ಹೆಸರಿಸಿ. ಸಾಮಾನ್ಯವಾಗಿ ಅವು ಪೀರಿಯಡ್ ಬದಲಾಗುವಾಗ, ಊಟಕ್ಕೆ ಸಾಲು ನಿಲ್ಲುವಾಗ, ಆಟ ಮುಗಿಸಿ ಒಳಗೆ ಬಂದ ಮೊದಲ ಕೆಲವು ನಿಮಿಷ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಕಬ್ ಕೂನಿನ್ ತರಗತಿಗಳನ್ನು ವರ್ಷಗಟ್ಟಲೆ ಗಮನಿಸಿ 1970ರಲ್ಲಿ ಬರೆದ ಪುಸ್ತಕದ ಸಾರವೂ ಇದೇ. ಶಾಂತವಾದ ತರಗತಿಯ ಶಿಕ್ಷಕರು ತಪ್ಪಿಗೆ ಕೊಡುವ ಶಿಕ್ಷೆಗೂ ಗೊಂದಲದ ತರಗತಿಯ ಶಿಕ್ಷಕರು ಕೊಡುವ ಶಿಕ್ಷೆಗೂ ಅಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ನಡೆಯುವ ಮೊದಲು. ಒಂದು ಕೆಲಸದಿಂದ ಇನ್ನೊಂದಕ್ಕೆ ತಡವಿಲ್ಲದೆ ಮಕ್ಕಳನ್ನು ಸಾಗಿಸುವುದು, ಬೋರ್ಡಿನ ಮೇಲೆ ಬರೆಯುವಾಗಲೂ ಹಿಂದಿನ ಬೆಂಚಿನಲ್ಲಿ ಏನಾಗುತ್ತಿದೆ ಎಂಬ ಅರಿವಿರುವುದು, ಆ ಅರಿವು ಮಕ್ಕಳಿಗೂ ಗೊತ್ತಿರುವುದು.

ಅದಕ್ಕೂ ಒಂದು ವರ್ಷ ಮೊದಲು, 1969ರಲ್ಲಿ, ಅಮೆರಿಕದ ಕಾನ್ಸಾಸ್ ರಾಜ್ಯದ ನಾಲ್ಕನೇ ತರಗತಿಯೊಂದರಲ್ಲಿ ನಡೆದ ಸರಳ ಪ್ರಯೋಗ ಪ್ರಕಟವಾಯಿತು. ತರಗತಿಯನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗ ಆ ತಂಡದ ಹೆಸರಿನ ಮುಂದೆ ಬೋರ್ಡಿನ ಮೇಲೆ ಒಂದು ಗೆರೆ ಎಳೆಯುವುದು. ಗೆರೆಗಳು ಇಂತಿಷ್ಟು ದಾಟದಿದ್ದರೆ ಆ ತಂಡಕ್ಕೆ ಸಣ್ಣ ಬಹುಮಾನ. ಎರಡೂ ತಂಡ ಗೆಲ್ಲಬಹುದು. ಗಲಾಟೆ ಗಣನೀಯವಾಗಿ ಇಳಿಯಿತು. 1980ರ ದಶಕದಲ್ಲಿ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲಿ ಇದನ್ನೇ ಆಡಿಸಿ, ಆ ಮಕ್ಕಳು ಯುವಕರಾದಾಗ ವಿಚಾರಿಸಿದರೆ, ಚಿಕ್ಕಂದಿನಲ್ಲಿ ಅತಿ ಆಕ್ರಮಣಕಾರಿಯಾಗಿದ್ದ ಹುಡುಗರಲ್ಲಿ ಮಾದಕ ವಸ್ತುಗಳ ಚಟ ಕಡಿಮೆಯಿತ್ತು. ಖರ್ಚು ಒಂದು ತುಂಡು ಸೀಮೆಸುಣ್ಣ. ನಮ್ಮ ಬೋರ್ಡಿನ ಮೂಲೆಯಲ್ಲಿ ಬೀಳುವ ಹೆಸರುಗಳ ಜಾಗದಲ್ಲಿ ಇಂಥ ಗೆರೆಗಳು ಬಂದರೆ ಲೀಡರಿಗೂ ಬಿಡುಗಡೆ. ಒಂದು ಎಚ್ಚರಿಕೆ ಮಾತ್ರ ಬೇಕು: ತಂಡ ಸೋತಾಗ ಸಿಟ್ಟೆಲ್ಲ ಒಬ್ಬ ಹುಡುಗನ ಮೇಲೆ ತಿರುಗದಂತೆ ಟೀಚರು ನೋಡಿಕೊಳ್ಳಬೇಕು.

ಟೀಚರ ಪಾಡನ್ನೂ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರಾದರೂ ಇರಬೇಕು. ಒಬ್ಬರೇ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಮಾಡುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರು ಕಡಿಮೆ ಸಂಭಾವನೆಗೆ ತುಂಬಿದ್ದಾರೆ. ನಗರದ ಖಾಸಗಿ ಶಾಲೆಯಲ್ಲಿ ಒಂದೊಂದು ಸೆಕ್ಷನ್ನಿಗೆ ಐವತ್ತು ಮಕ್ಕಳನ್ನು ತುಂಬಿ, ಟೀಚರಿಗೆ ಒಂದು ಪೀರಿಯಡ್ಡೂ ಬಿಡುವು ಕೊಡದವರಿದ್ದಾರೆ. ಇಂಥ ಕಡೆ ನಿಮ್ಮ ಪತ್ರ ಟೀಚರ ವಿರುದ್ಧದ ದೂರಾಗಬಾರದು. ಆಡಳಿತದ ಮುಂದೆ ಟೀಚರಿಗೂ ಆಧಾರವಾಗಬೇಕು. 'ಈ ತರಗತಿಗೆ ಇನ್ನೊಬ್ಬ ಶಿಕ್ಷಕರು ಬೇಕು' ಎಂದು ಪೋಷಕರು ಬರೆದು ಕೊಟ್ಟರೆ, ತಾವು ಬಾಯಿಬಿಟ್ಟು ಕೇಳಲಾಗದ್ದನ್ನು ಯಾರೋ ಕೇಳಿದರಲ್ಲ ಎಂದು ಆ ಟೀಚರಿಗೆ ಸಮಾಧಾನವಾಗುತ್ತದೆ.

ಕೇಳಿಯೂ ಏನೂ ಆಗದಿದ್ದರೆ ಮುಂದಿನ ಮೆಟ್ಟಿಲು ಮುಖ್ಯೋಪಾಧ್ಯಾಯರು. ಸರ್ಕಾರಿ ಶಾಲೆಯಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕೆಂಬುದು ಕಾನೂನು. ಕಟ್ಟಡ, ಸುಣ್ಣಬಣ್ಣದ ಚರ್ಚೆಗೇ ಆ ಸಭೆಗಳು ಮುಗಿದುಹೋಗುತ್ತವೆ. ತರಗತಿಯೊಳಗೆ ಮಕ್ಕಳು ಹೇಗಿದ್ದಾರೆ ಎಂಬುದೂ ಕಾರ್ಯಸೂಚಿಗೆ ಬರಲಿ ಎಂದು ಕೇಳಬಹುದು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಹೇಳಬಹುದು. ಅದಾದ ಮೇಲೆ ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಕ್ಷೇತ್ರ ಶಿಕ್ಷಣಾಧಿಕಾರಿ, ಉಪನಿರ್ದೇಶಕರು. ಸಿಬಿಎಸ್‌ಇ ಶಾಲೆಗಳಿಗೆ ಮಕ್ಕಳು ಮಕ್ಕಳನ್ನು ಪೀಡಿಸುವುದನ್ನು ತಡೆಯಲು ಮಂಡಳಿ 2015ರಲ್ಲೇ ಮಾರ್ಗಸೂಚಿ ಕಳಿಸಿದೆ. ಅದಕ್ಕಾಗಿ ಸಮಿತಿ ಇದೆಯೇ ಎಂದು ನಿಮ್ಮ ಶಾಲೆಯನ್ನು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಪ್ರಕಾರ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಅಷ್ಟು ದೂರ ಹೋಗಬೇಕಾದ ಪ್ರಸಂಗಗಳು ಕಡಿಮೆ. ಸೀಲು ಬಿದ್ದ ಪತ್ರವೇ ಬಹಳ ಸಲ ಕೆಲಸ ಮಾಡಿಬಿಡುತ್ತದೆ.

'ನಾವು ದೂರು ಕೊಟ್ಟರೆ ನಾಳೆ ನಮ್ಮ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ?' ಈ ಅಂಜಿಕೆ ನಿಜವಾದದ್ದು, ಆಧಾರವಿಲ್ಲದ್ದೇನಲ್ಲ. ಅದಕ್ಕೆ ನನಗೆ ತಿಳಿದ ಮದ್ದು ಒಬ್ಬರೇ ಹೋಗದಿರುವುದು. ಪಾಠ ತಪ್ಪಿಸಿಕೊಳ್ಳುತ್ತಿರುವುದು ನಿಮ್ಮ ಮಗು ಒಂದೇ ಅಲ್ಲ. ಅದೇ ತರಗತಿಯ ಇನ್ನು ಮೂರು ನಾಲ್ಕು ಮನೆಗಳಲ್ಲಿ ಇದೇ ಅರ್ಧ ನೋಟ್ಸು, ಇದೇ ಹೊಟ್ಟೆನೋವು ಇರುತ್ತದೆ. ಅವರೆಲ್ಲ ಸಹಿ ಹಾಕಿದ ಪತ್ರದಲ್ಲಿ ಯಾವ ಒಂದು ಮಗುವೂ ಗುರಿಯಾಗಿ ಎದ್ದು ಕಾಣುವುದಿಲ್ಲ. ಆದರೆ ಆ ಪತ್ರ ಪಾಠದ ಬಗ್ಗೆ ಇರಬೇಕು. ನಾಲ್ಕು ಮನೆ ಸೇರಿ ಒಬ್ಬ ಹುಡುಗನ ವಿರುದ್ಧ ಬರೆದರೆ ಅದು ಇನ್ನೊಂದು ಬಗೆಯ ಪೀಡನೆ.

ಇಷ್ಟು ಹೊತ್ತೂ ಮಗು ಮನೆಯಲ್ಲಿ ನಮ್ಮನ್ನು ನೋಡುತ್ತಿರುತ್ತದೆ. 'ನೀನೂ ಎರಡು ಕೊಟ್ಟು ಬಾ' ಎಂದು ಅಜ್ಜನೋ ಮಾವನೋ ಹೇಳುತ್ತಾರೆ. 'ಹೋಗ್ಲಿ ಬಿಡು, ಹೊಂದಿಕೊಂಡು ಹೋಗು' ಎಂದು ಅಜ್ಜಿ. ಮೊದಲನೆಯದರಿಂದ ಸುಮ್ಮನಿರುವ ಮಗುವಿಗೆ ತಾನು ಹೇಡಿ ಎನ್ನಿಸುತ್ತದೆ. ಎರಡನೆಯದರಿಂದ ತನ್ನ ನೋವು ನೋವೇ ಅಲ್ಲ ಎನ್ನಿಸುತ್ತದೆ. ಅದಕ್ಕೆ ಬೇಕಿರುವುದು ಬಾಯಿಗೆ ಬರುವ ಎರಡು ಮೂರು ವಾಕ್ಯಗಳು. 'ನನ್ನ ಪುಸ್ತಕ ಎಳೀಬೇಡ, ಬಿಡು.' 'ನಾನು ಬರೀತಾ ಇದ್ದೀನಿ, ಆಮೇಲೆ ಮಾತಾಡೋಣ.' 'ಮಿಸ್, ನಂಗೆ ಇಲ್ಲಿ ಬರೆಯೋಕಾಗ್ತಿಲ್ಲ, ಮುಂದೆ ಕೂರಲಾ?' ಮನೆಯಲ್ಲಿ ಆಟದಂತೆ ಹೇಳಿಸಿ ಅಭ್ಯಾಸ ಮಾಡಿಸಬಹುದು. ಗಟ್ಟಿ ದನಿಯಲ್ಲಿ, ಕಣ್ಣು ನೋಡಿ, ಅಳದೆ ಹೇಳುವುದು ಕಲಿತು ಬರುವ ವಿದ್ಯೆ. ಟೀಚರಿಗೆ ಹೇಳುವುದು ಚಾಡಿಯಲ್ಲ ಎಂದೂ ಹೇಳಿ. ಹೇಳಿದರೂ ಟೀಚರು ಕೇಳಿಸಿಕೊಳ್ಳದಿದ್ದರೆ ಮನೆಗೆ ಬಂದು ಹೇಳು, ಅದು ನಿನ್ನ ಸೋಲಲ್ಲ ಎಂದು ಸೇರಿಸಿ.

ಶಾಲೆ ಏನಾದರೂ ಬದಲಾವಣೆ ಮಾಡಿದ ಎರಡು ವಾರದ ನಂತರ ಮತ್ತೆ ಹೋಗಿ. ನೋಟ್ಸು ಪೂರ್ತಿಯಾಗುತ್ತಿದೆಯೇ, ಡಬ್ಬಿ ಖಾಲಿಯಾಗಿ ಬರುತ್ತಿದೆಯೇ, ಮಗು ಭಾನುವಾರ ಸಂಜೆ ಹೇಗಿರುತ್ತದೆ, ಇವನ್ನೇ ಟೀಚರಿಗೆ ಹೇಳಿ. ಸರಿಹೋಗಿದ್ದರೆ ಅದನ್ನೂ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಿ. ಟೀಚರು ಮಾಡಿದ ಒಳ್ಳೆಯ ಕೆಲಸ ದಾಖಲೆಯಲ್ಲಿರಲಿ. ಅರ್ಧ ಸರಿಹೋಗಿದ್ದರೆ ಉಳಿದರ್ಧಕ್ಕೆ ಏನು ಮಾಡಬಹುದೆಂದು ಇಬ್ಬರೂ ಕೂತು ಯೋಚಿಸಿ. ಮೇ ಕೊನೆಯಲ್ಲಿ ಹೊಸ ಸೆಕ್ಷನ್ ಪಟ್ಟಿ ಸಿದ್ಧವಾಗುವ ಮೊದಲು ಮತ್ತೊಮ್ಮೆ ಹೋಗಿ, ಈ ವರ್ಷ ಉಪಯೋಗಕ್ಕೆ ಬಂದ ಏರ್ಪಾಡನ್ನು ಮುಂದಿನ ತರಗತಿಯ ಟೀಚರಿಗೆ ತಿಳಿಸುತ್ತೀರಾ ಎಂದು ಕೇಳಿ. ಎರಡೂ ಮಕ್ಕಳ ಬಗ್ಗೆ ಕೇಳಿ.